ಕನಸು ಕೇಳಿದವರೇ ಒಲಿ ಹಚ್ಚಬೇಕು

ಇಂಡಿ
9 ಜೂನ್ 2024

ಚಿರಂಜೀವಿ ಸಂಗುಗ ಅವ್ವ ಕಾಶಿಬಾಯಿಯ ಆಶೀರ್ವಾದ. ನೀ ಸಿಟ್ಟಿಗೆದ್ದಿದ್ದರೂ ತಗೋ, ಆಶೀರ್ವಾದಕ್ಕ ಸಿಟ್ಟು ತಾಕೂದಿಲ್ಲ.

ಫೋನ್ ಬಿಟ್ಟು ಪತ್ರ ಯಾಕ ಅಂತೀ. ಫೋನಿನ್ಯಾಗ ನಾವಿಬ್ಬರೂ ಬರೇ ಜಗಳ ಆಡತೇವಿ. ನಾ ಒಂದು ಮಾತು ಮುಗಸೂದ್ರಾಗ ನಿನಗ ಕಾಲುವಿ ನೀರಿನ ಮಂದಿ ಫೋನ್ ಬರತೈತಿ. ‘ಅವ್ವಾ, ಒಂದ ಮಿನಿಟ್’ ಅಂತ ಹೋದಾಂವ ಮರುದಿನ ಬರತೀ. ಕಾಗದದ ಮ್ಯಾಲ ಯಾರೂ ನನ್ನ ಮಾತು ಕಡಿಯೂದಿಲ್ಲ.

ವಾರದಾಗ ಆಲಮಟ್ಟಿಗೆ ತಿರುಗಿ ಬರತೇನಿ ಅಂದಾಕಿ ಇನ್ನೂ ಇಲ್ಲೇ ಅದೇನಿ. ಈ ಧರ್ಮಸಾಲಿಗೆ ನೂರು ವರ್ಷ ತುಂಬತಾವಂತ. ‘ಅಕ್ಕೋರ, ಸಾಲ್ಯಾಗ ಇತಿಹಾಸ ಕಲಿಸೀರಿ, ನಮ್ಮ ಇತಿಹಾಸಾನೂ ಬರದು ಕೊಡ್ರಿ’ ಅಂತ ಟ್ರಸ್ಟಿನವರು ನನ್ನ ಕರಿಸಿದ್ದು ನಿನಗ ಗೊತ್ತೈತಿ. ಹತ್ತಿ ಪ್ಯಾಟಿ ಹಿಂದ ಹಳೇ ಕಲ್ಲಿನ ಕಟ್ಟಡ. ನಡುವ ಅಂಗಳ, ಅಂಗಳದಾಗ ಒಂದು ಬೇವಿನ ಗಿಡ, ಸುತ್ತ ಪಡಸಾಲಿ. ದಿಕ್ಕಿಲ್ಲದ ಮುದುಕರು ಮುದುಕೇರು ಬಂದು ಇರತಾರ, ಯಾರೂ ಜಾತಿ ಕೇಳೂದಿಲ್ಲ, ಊರು ಕೇಳೂದಿಲ್ಲ. ಕಟ್ಟಿಸಿದಾಂವ ಈರಬಸಪ್ಪ ಸಾವಕಾರ, ಹತ್ತಿ ಸೇಂಗಾ ವ್ಯಾಪಾರದಾಗ ಗಳಿಸಿದ ಗಟ್ಟಿ ಕುಳ. ಬಾಗಲದ ಮ್ಯಾಲ ಅವನ ಫೋಟೋ ಐತಿ. ದೊಡ್ಡ ರುಮಾಲು, ಸಣ್ಣ ಕಣ್ಣು, ಅಳು ನುಂಗಿದವರ ಹಾಂಗ ಮಾರಿ. ದೇವರು ಕನಸಿನ್ಯಾಗ ಬಂದು ‘ಧರ್ಮಸಾಲಿ ಕಟ್ಟಸು’ ಅಂದನಂತ, ಇಂವ ಕಟ್ಟಿಸಿದನಂತ. ಟ್ರಸ್ಟಿನವರ ಕತಿ ಇಷ್ಟ. ಒಂದು ಪುಟದಾಗ ಬರದು ಮನಿಗೆ ಬರಬಹುದಿತ್ತು.

ಆದರ ಸಾವಕಾರ ಹಾಕಿದ ಒಂದು ಕಟ್ಟಳಿ ಇಲ್ಲಿ ಇನ್ನೂ ನಡದೈತಿ. ಕನಸಿನ್ಯಾಗ ಯಾರು ಏನು ಉಂಡಿರತಾರೋ, ಎಚ್ಚರಾದ ಮ್ಯಾಲ ಅವರಿಗೆ ಅದನ್ನ ಉಣಸಬೇಕು. ಮಾಡಿ ಉಣಸೂದು ಯಾರು? ಆ ಕನಸು ಮೊದಲು ಕೇಳಿದವರು. ಅಡಿಗಿ ಬರಲಿ ಬಿಡಲಿ, ಕೇಳಿದವರೇ ಒಲಿ ಹಚ್ಚಬೇಕು. ಹಿಂಗಾಗಿ ಮುಂಜಾನಿ ಇಲ್ಲಿ ಒಂದು ನಾಟಕ ನೋಡಬೇಕು! ಯಾರೂ ಯಾರ ಮಾರೀನೂ ನೋಡೂದಿಲ್ಲ. ತಂಗಡಗಿ ಕಡೆ ಹೊಳಿ ದಂಡಿಗೆ ಕುರಿ ಕಾಯತಿದ್ದ ಮಾಳಿಂಗಜ್ಜ ಅಂತ ಒಬ್ಬಾಂವ ಅದಾನ, ಎದ್ದ ಕೂಡಲೇ ಎರಡೂ ಕಿವ್ಯಾಗ ಹತ್ತಿ ತುರುಕ್ಕೋತಾನ. ಹತ್ತಿ ಸಾವಕಾರನ ಧರ್ಮಸಾಲ್ಯಾಗ ಹತ್ತಿಗೇನು ಬರ!

ಮಧ್ಯಾಹ್ನ ಬಿಸಲಿಗೆ ಎಲ್ಲಾರೂ ಬೇವಿನ ನೆರಳಾಗ ಅಡ್ಡಾಗತಾರ. ನಾನೂ ಅಡ್ಡಾಗತೇನಿ. ನಿದ್ದಿ ಎಚ್ಚರದ ನಡುವ ಯಾರದೋ ಕುರಿ ಗಂಟಿ ಕೇಳತೈತಿ, ಯಾರದೋ ಮನಿ ಒಗ್ಗರಣಿ ವಾಸನಿ ಬರತೈತಿ. ಕಣ್ಣು ತೆರದರ ಅಂಗಳದಾಗ ಬರೇ ಬಿಸಲು. ಯಾರ ಕನಸು ಯಾರ ತಲಿದಿಂಬಿಗೆ ಬಂದು ಮಲಗತೈತೋ ತಿಳಿಯೂದಿಲ್ಲ. ನನಗಂತೂ ಈ ಜಾಗಾ ಭಾಳ ಸೇರೇತಿ.

ಪ್ರಿಯಾಗ ಹೇಳು, ಹೆಂಡತಿ ಅಂತ ಬರೇ ಕೆಲಸ ಹೇಳೂದಲ್ಲ, ನಾ ನೆನಿಸೇನಿ ಅಂತ ಹೇಳು.

ನಿನ್ನ ಅವ್ವ,
ಕಾಶಿಬಾಯಿ


ಆಲಮಟ್ಟಿ
21 ಜೂನ್ 2024

ಅವ್ವಾ, ನಮಸ್ಕಾರ.

ಪತ್ರ ಮುಟ್ಟಿತು. ಆಫೀಸಿನ್ಯಾಗ ಎಲ್ಲಾರೂ ‘ಸಾಹೇಬ್ರಿಗೆ ಪತ್ರ ಬಂದೈತಿ’ ಅಂತ ಸೇರಿ ನೋಡಿದರು, ಮ್ಯೂಜಿಯಮ್ಮಿನ ವಸ್ತು ಬಂದಂಗ.

ಮ್ಯಾಲ ಮಹಾರಾಷ್ಟ್ರದಾಗ ಮಳಿ ಸುರು ಆಗೈತಿ, ಆಣೆಕಟ್ಟಿಗೆ ನೀರು ಬರಾಕತ್ತೈತಿ. ನನಗ ಉಸಿರಾಡಾಕ ಹೊತ್ತಿಲ್ಲ. ಇತಿಹಾಸ ಲಗೂನ ಮುಗಿಸು. ನಿನ್ನ ಖೋಲಿಗೆ ಎಸಿ ಹಾಕಿಸೇನಿ. ಅಡಿಗಿಗೆ ಮುದ್ದೇಬಿಹಾಳದಿಂದ ಒಬ್ಬ ಹೆಣ್ಣಮಗಳು ಬರಾಕತ್ತಾಳ. ನೀ ಒಂದು ಕಡ್ಡಿ ಈಕಡೆಯಿಂದ ಆಕಡೆ ಇಡೂದು ಬ್ಯಾಡ. ಆರಾಮ ಕುರ್ಚಿ ಮ್ಯಾಲ ಕುಂದರು, ಟೀವಿ ನೋಡು.

ಅಲ್ಲಿ ಒಲಿ ಹತ್ತರ ಹೋಗಬ್ಯಾಡ, ಕೈ ಮುಗಿತೇನಿ. ನೀ ಗ್ಯಾಸ್ ತೆರದು ಹಚ್ಚೂದು ಮರತು ಕುಂತಿದ್ದಿಯಲ್ಲ, ಆ ದಿನ ನಾ ಇನ್ನೂ ಮರತಿಲ್ಲ. ಯಾವಾಗ ಕಾರು ಕಳಸಲಿ, ತಿಳಿಸು.

ನಿನ್ನ ಸಂಗು


ಇಂಡಿ
19 ಜುಲೈ 2024

ಸಂಗೂ, ಮಗನ, ನೂರು ವರ್ಷ ಬಾಳು.

ಮೊನ್ನೆ ಮೊಹರಮ್ಮಿನ ಅಲಾಯಿ ಹಬ್ಬ ಆತು. ಇಲ್ಲಿ ಎಲ್ಲಾರಿಗಿಂತ ಹಳಬಳು ಪೀರಬಿ ಅಂತ. ಬಾಯಾಗ ಹಲ್ಲಿಲ್ಲ, ಮಾತಿಗೆ ಎಲುಬಿಲ್ಲ. ಮುಂಜಾನಿ ಎದ್ದಾಕಿನ ಸೀದಾ ಹೋಗಿ ಮಾಳಿಂಗಜ್ಜನ ಕಿವ್ಯಾಗಿನ ಹತ್ತಿ ಹಿಡದು ಜಗ್ಗಿದಳು. ‘ಕೇಳೋ ಮುದುಕಾ, ಕನಸಿನ್ಯಾಗ ನಮ್ಮವ್ವನ ಕೈಯಾಗಿನ ಚೊಂಗಿ ತಿಂದೆ. ಬೆಲ್ಲ ಇನ್ನೂ ಬಾಯಾಗ ಐತಿ’ ಅಂದಳು. ಅಂವ ‘ಅಯ್ಯಯ್ಯೋ, ಕೆಟ್ಟೆ’ ಅಂತ ತಲಿ ಹಿಡಕೊಂಡು ಕುಂತ.

ಜಲಮದಾಗ ಕುರಿ ಹಾಲು ಕಾಸೂದು ಬಿಟ್ಟರ ಅಂವಗ ಏನೂ ಬರೂದಿಲ್ಲ. ಆದರೂ ಕುಂತ ನೋಡು, ಗೋದಿ ಹಿಟ್ಟು ನಾದಿದ, ಲಟ್ಟಿಸಿದ, ಬೆಲ್ಲ ಗಸಗಸಿ ಮೆತ್ತಿದ. ಚೊಂಗಿ ಅನ್ನೂದು ಚಪ್ಪಲಿ ಆತು. ಪೀರಬಿ ನಕ್ಕೋತ ನಕ್ಕೋತ ಅದನ್ನ ಹಾಲಿನ್ಯಾಗ ನೆನಸಿ ಪೂರಾ ತಿಂದಳು. ತಿಂದು, ‘ನಮ್ಮವ್ವನೂ ಹಿಂಗ ಸುಡತಿದ್ದಳು ಬಿಡು’ ಅಂದಳು. ಮಾಳಿಂಗಜ್ಜನ ಮಾರಿ ಮದುವಿ ಗಂಡಿನಂಗ ಆತು. ಅವತ್ತಿಂದ ಒಂದ ಕಿವ್ಯಾಗ ಅಷ್ಟ ಹತ್ತಿ ಇಟ್ಟಗೋತಾನ.

ಮಳಿ ಮೋಡ ಬಂದು ಅಂಗಳ ಇಡೀ ದಿನ ಸಂಜಿ ಹಾಂಗ ಇರತೈತಿ. ಒಬ್ಬರ ಕನಸಿನ್ಯಾಗ ಇನ್ನೊಬ್ಬರು ಹೋಗಿ ಬರತಾರ ಅನಸತೈತಿ. ಮಾಳಿಂಗಜ್ಜನ ಕುರಿ ಹೊಳಿ ದಾಟೂದನ್ನ ಪೀರಬಿ ಕಂಡಳಂತ. ‘ಒಂದು ಕರಿ ಮರಿ ಹಿಂದ ಉಳದಿತ್ತು, ನಾ ಎತಗೊಂಡು ದಾಟಿಸೇನಿ’ ಅಂತ ಆಕಿ ಹೇಳಿದರ ಅಂವ ‘ಭಾಳ ಉಪಕಾರ ಆತವಾ’ ಅಂತ ಕೈ ಮುಗದ. ಯಾರಿಗೂ ನಗು ಬರಲಿಲ್ಲ.

‘ಅಕ್ಕೋರ, ನಿಮ್ಮ ಕನಸು ಹೇಳವಲ್ರಿ?’ ಅಂತ ಎಲ್ಲಾರೂ ನನ್ನ ಬೆನ್ನ ಹತ್ಯಾರ. ನನಗ ಕನಸು ಬೀಳೂದಿಲ್ಲ ಅಂದೆ. ಪೀರಬಿ ನಂಬಲಿಲ್ಲ. ನೀ ನಂಬು.

ಟ್ರಸ್ಟಿನವರ ಕತಿ ಸುಳ್ಳು ಅಂತಾಳ ಪೀರಬಿ. ಖರೇ ಏನು ಅಂತ ದಿನಾ ಒಂದು ತುತ್ತು ಹೇಳತಾಳ. ಅದಕ್ಕ ತಡ ಆಗಾಕತ್ತೈತಿ. ಕಾರು ಈಗ ಬ್ಯಾಡ.

ಅವ್ವ


ಆಲಮಟ್ಟಿ
6 ಆಗಸ್ಟ್ 2024

ಅವ್ವಾ,

ನಮ್ಮ ಆಫೀಸಿನ್ಯಾಗ ಮಂಜೂರ ಅಂತ ಒಬ್ಬಾಂವ ಅದಾನ, ಇಂಡಿ ಊರಾಂವ. ನಿನ್ನೆ ಎಲ್ಲಾರ ಮುಂದ ಕೇಳಿದ, ‘ಸಾಹೇಬ್ರ, ನಿಮ್ಮ ತಾಯಿಯವರು ಧರ್ಮಸಾಲಿ ಸೇರ್ಯಾರಂತಲ್ರಿ? ಹೆಣ್ಣಮಕ್ಕಳ ಪಡಸಾಲ್ಯಾಗ ಅವರದೂ ಒಂದು ಮಂಚ ಐತಂತಲ್ರಿ?’ ಅಂವಗೇನು ಕೆಟ್ಟ ಬುದ್ಧಿ ಇಲ್ಲ, ಕಾಳಜಿಲೆ ಕೇಳಿದ. ಭೂಮಿ ಬಾಯಿ ಬಿಟ್ಟಿದ್ದರ ನಾ ಒಳಗ ಹೋಗತಿದ್ದೆ.

ಇತಿಹಾಸ ಬರಿಯಾಕ ಹೋಗೇನಿ ಅಂದಿ. ನೀನ ಇತಿಹಾಸ ಆಗಾಕ ಹೋಗೀಯಂತ ನನಗೇನು ಗೊತ್ತು? ದಿಕ್ಕಿಲ್ಲದವರು ಸೇರೋ ಜಾಗಾ ಅದು. ನಿನಗ ನಾ ದಿಕ್ಕಲ್ಲೇನು? ನಾ ಏನು ಕಡಿಮಿ ಮಾಡೇನಿ ಹೇಳು. ಔಷಧ ತಪ್ಪಿಸೇನೇನು? ಪ್ರಿಯಾ ಒಂದು ಮಾತು ಎತ್ತಿ ಆಡ್ಯಾಳೇನು? ‘ಮಗ ಆಫೀಸರ್, ತಾಯಿ ಧರ್ಮಸಾಲ್ಯಾಗ’ ಅಂತ ಮಂದಿ ಆಡಿಕೊಂಡು ನಗತಾರ. ಊರ ಬಾಯಿಗೆ ಅರಿಬಿ ಕಟ್ಟಾಕ ಆಗತೈತೇನು?

ಪ್ರಿಯಾ ಅಂತಾಳ, ‘ಅತ್ತಿಯವರು ಸಿಟ್ಟಿನಿಂದ ಹೋಗಿಲ್ರಿ, ನೀವು ಸಿಟ್ಟಿನಿಂದ ಬರಿಬ್ಯಾಡ್ರಿ.’ ಆಕಿಗೂ ನನ್ನ ಹೊಟ್ಯಾಗಿನ ಉರಿ ತಿಳಿಯೂದಿಲ್ಲ. ಬರೂ ಐತವಾರ ಕಾರು ತರತೇನಿ, ತಯಾರಾಗಿರು.

ಸಂಗಮೇಶ


ಇಂಡಿ
8 ಆಗಸ್ಟ್ 2024

ಸಂಗಮೇಶ ಅಂತ ಪೂರಾ ಹೆಸರು ಬರದೀಯಂದರ ಸಿಟ್ಟು ನೆತ್ತಿಗೇರೇತಿ. ಆದರೂ ಓದು. ಐತವಾರ ಬರಬ್ಯಾಡ.

ಹೌದಪಾ, ಸೇರೇನಿ. ನಿನಗ ಹೇಳಾಕ ಬಾಯಿ ಬರಲಿಲ್ಲ. ಈಗ ನನ್ನ ಕತಿ ಬ್ಯಾಡ, ಇತಿಹಾಸ ಹೇಳತೇನಿ. ಪೀರಬಿಯ ಅಜ್ಜಿ ಕಣ್ಣಾರೆ ಕಂಡದ್ದು ಇದು.

ಈರಬಸಪ್ಪ ಹುಟ್ಟಾ ಸಾವಕಾರ ಅಲ್ಲ. ತಲಿ ಮ್ಯಾಲ ಸೇಂಗಾ ಬುಟ್ಟಿ ಹೊತಗೊಂಡು ಸಂತಿ ಸಂತಿ ತಿರಗಿದಾಂವ. ಅವನ ಅವ್ವ ಹಂಪವ್ವ ಮಂದಿ ಮನ್ಯಾಗ ಬೀಸಿ ಕುಟ್ಟಿ ಅವನ್ನ ಸಾಕಿದಾಕಿ. ಕೈಯಾಗ ರೊಕ್ಕ ಆಡಿದ ಮ್ಯಾಲ ದೊಡ್ಡ ವಾಡೆ ಕಟ್ಟಿಸಿದ, ಅವ್ವನ್ನ ಮೆತ್ತನ ಗಾದಿ ಮ್ಯಾಲ ಕುಂಡರಿಸಿದ. ಬೀಸಾಕ ಆಳು, ನೀರಿಗೆ ಆಳು, ತಲಿ ಬಾಚಾಕ ಆಳು. ನುಚ್ಚು ಮಜ್ಜಿಗಿ ಬಡವರ ಊಟ, ವಾಡೇದಾಗ ಮಾಡಬಾರದು ಅಂತ ಹುಕುಂ ಬ್ಯಾರೆ. ಹಂಪವ್ವ ಒಂದಿನ ಗಾದಿ ಬಿಟ್ಟೆದ್ದು ಹತ್ತಿ ಪ್ಯಾಟಿಗೆ ನಡದಳು. ಅಲ್ಲಿ ಬೇವಿನ ಗಿಡದ ಕೆಳಗ ದಿಕ್ಕಿಲ್ಲದ ಹೆಣ್ಣಮಕ್ಕಳು ಹತ್ತಿ ಬಿಡಿಸಿ ಹೊಟ್ಟಿ ಹೊರಕೋತಿದ್ದರು. ಅವರ ಜೋಡಿ ಕುಂತು ತಾನೂ ಬಿಡಸಾಕ ಹತ್ತಿದಳು. ಆಮ್ಯಾಲ ಅಲ್ಲಿಂದ ಏಳಲೇ ಇಲ್ಲ.

ಮಗ ಬಂಡಿ ತಂದ, ಕಾಲು ಹಿಡದ. ‘ಅವ್ವಾ, ಮಂದಿ ನನ್ನ ಮಾರಿಗೆ ಉಗಳತಾರ’ ಅಂದ. ಆಕಿ, ‘ನಿನ್ನ ಗಾದಿ ಮ್ಯಾಲ ನನ್ನ ಕೈ ಸತ್ತಿದ್ದವೋ ಈರ್ಯಾ, ಇಲ್ಲಿ ಜೀವ ಬಂದಾವು’ ಅಂದಳು. ಮಳಿಗೆ ತೋಯತಾಳ ಅಂತ ಅಂವ ಮ್ಯಾಲ ತಗಡು ಹಾಕಿಸಿದ. ಚಳಿಗೆ ನಡಗತಾಳ ಅಂತ ಗ್ವಾಡಿ ಎಬ್ಬಿಸಿದ. ಅವ್ವ ಒಳಗಿದ್ದು ಉಳಿದವರು ಹೊರಗ ಇರಾಕ ಬರತೈತೇನು? ಅವರಿಗೂ ಪಡಸಾಲಿ ಆತು. ಹಿಂಗ ಕಟ್ಟಕೋತ ಕಟ್ಟಕೋತ ಧರ್ಮಸಾಲಿ ಆತು. ದೇವರೂ ಬರಲಿಲ್ಲ, ಅಪ್ಪಣೀನೂ ಕೊಡಲಿಲ್ಲ. ತಾಯಿನ್ನ ಮನಿಗೆ ಕರಕೊಂಡು ಹೋಗಾಕ ಆಗದ ಮಗ ಮನೀನ ತಾಯಿ ಹತ್ತರ ತಂದ.

ದಿನಾ ಮುಂಜಾನಿ ಬಂದು ‘ಏನು ಬೇಕವ್ವಾ’ ಅಂತಿದ್ದ. ‘ಏನೂ ಬ್ಯಾಡ’ ಅಂತಿದ್ದಳು. ಒಂದಿನ ಸಾಕಾಗಿ, ‘ಹೋಗಲಿ, ಏನರೆ ಕನಸು ಬಿತ್ತೇನು?’ ಅಂದ. ‘ನುಚ್ಚು ಮಜ್ಜಿಗಿ ಉಂಡಂಗ ಆತೋ’ ಅಂದಳು. ಓಡಿ ಹೋಗಿ ವಾಡೇದ ಅಡಿಗಿಯವನ ಕೈಲೆ ಮಾಡಿಸಿ ಕಳಿಸಿದ. ಹಂಪವ್ವ ಮುಟ್ಟಲಿಲ್ಲ. ‘ನಾ ಹೇಳಿದ್ದು ನಿನಗ, ಅಡಿಗಿಯವಗಲ್ಲ’ ಅಂದಳು. ಆವಾಗ ಸಾವಕಾರ ರುಮಾಲು ತಗದಿಟ್ಟು ಇಲ್ಲೇ ಅಂಗಳದಾಗ ಕುಂತು ಒಲಿ ಊದಿದನಂತ. ನುಚ್ಚು ತಳ ಹಿಡದಿತ್ತು. ಆಕಿ ಉಂಡಳು, ಅಂವ ಹೊಗಿ ನೆಪ ಮಾಡಿ ಅತ್ತ. ಕಟ್ಟಳಿ ಹುಟ್ಟಿದ್ದು ಹಿಂಗ.

ಇದನ್ನ ಬರಿಬ್ಯಾಡ್ರಿ, ಮನೆತನದ ಮರ್ಯಾದಿ ಹೋಗತೈತಿ ಅಂತಾರ ಟ್ರಸ್ಟಿನವರು. ಅವರದೂ ನಿಂದೂ ಒಂದ ರಾಗ.

ನೀ ನನಗ ಏನೂ ಕಡಿಮಿ ಮಾಡಲಿಲ್ಲ ಸಂಗೂ. ಕೆಲಸ ಒಂದನ್ನ ಕಡಿಮಿ ಮಾಡಿದಿ. ಮೂವತ್ತು ವರ್ಷ ಹುಡುಗರಿಗೆ ಅಕ್ಷರ ತಿದ್ದಿಸಿ, ನಿನಗ ರೊಟ್ಟಿ ಬಡದು ಬೆಳಿಸಿದ ಕೈ ಇವು. ಕುರ್ಚಿ ಮ್ಯಾಲ ಇಟ್ಟು ನೋಡಿದರ ನನಗ ನನ್ನ ಕೈ ಗುರ್ತ ಸಿಗಲಿಲ್ಲ. ನಿನ್ನ ಮ್ಯಾಲ ನನಗ ಭಾಳ ಮಾಯಾ ಐತಿ. ಆ ಕುರ್ಚಿಗೆ ಮಾತ್ರ ನಾ ಬರೂದಿಲ್ಲ.

ನಿನ್ನ ಅವ್ವ


ಆಲಮಟ್ಟಿ
27 ಅಕ್ಟೋಬರ್ 2024

ಅವ್ವಾ,

ಇಷ್ಟು ದಿನ ಬರಿಲಿಲ್ಲ. ಸಿಟ್ಟು ಯಾವಾಗೋ ಹೋಗಿತ್ತು, ನಾಚಿಕಿ ಉಳದಿತ್ತು.

ನೀ ಬ್ಯಾಡ ಅಂದರೂ ಸಪ್ಟಂಬರಿನ್ಯಾಗ ನಾ ಕಾರು ತಗೊಂಡು ಬಂದಿದ್ದೆ. ಧರ್ಮಸಾಲಿ ಬಾಗಲದಾಗ ನಿಂತಿದ್ದೆ. ನೀ ನೋಡಲಿಲ್ಲ. ಅಂಗಳದಾಗ ಕುಂತು ಜ್ವಾಳ ಹಸನ ಮಾಡಾಕತ್ತಿದ್ದಿ. ಬಾಜೂಕ ಒಬ್ಬ ಅಜ್ಜ, ಅಂವ ಮಾಳಿಂಗಜ್ಜನ ಇರಬೇಕು. ‘ಕುರಿ ಎಣಸೋ ಕಣ್ಣಿಗೆ ಹರಳು ಕಾಣೂದಿಲ್ಲೇನೋ’ ಅಂತ ಅಂವಗ ಝಾಡಿಸಿದಿ. ಸಾಲ್ಯಾಗ ನಮಗ ಬೈತಿದ್ದ ದನಿ ಅದು. ಬೈದು ನಕ್ಕಿ. ನಮ್ಮ ಮನ್ಯಾಗ ನೀ ಯಾರಿಗೂ ಬೈದೇ ಇಲ್ಲವ್ವಾ. ನಕ್ಕಿದ್ದೂ ನೆನಪಿಲ್ಲ. ನಾ ಹಂಗ ಹೊಳ್ಳಿ ಹೋದೆ.

ಒಂದು ಮಾತು ನಿನ್ನ ಮುಂದ ಎಂದೂ ಹೇಳಿಲ್ಲ. ಗ್ಯಾಸಿನ ದಿನ ನಾ ಬಾಗಲ ತೆರದು ಓಡಿ ಬಂದಾಗ ನೀ ಸುಮ್ಮ ಕುಂತಿದ್ದಿ. ನನ್ನ ನೋಡಿ, ‘ಯಾಕೋ ಸಂಗೂ, ಸಾಲಿ ಇಷ್ಟ ಲಗೂ ಬಿಟ್ಟಿತೇನು?’ ಅಂದಿ. ನಲವತ್ತೈದು ವರ್ಷದ ಮಗಗ. ಅವತ್ತಿಂದ ನನಗ ಅಂಜಿಕಿ. ಒಲಿ ಕಸಗೊಂಡೆ, ಚಾಕು ಕಸಗೊಂಡೆ, ಕೆಲಸ ಕಸಗೊಂಡೆ. ನೀ ಎಲ್ಲಿ ಕಳದು ಹೋಗತೀಯೋ ಅಂತ ಹಿಡಕೊಂಡಿದ್ದೆ, ಸೊಕ್ಕಿನಿಂದ ಅಲ್ಲ.

ನಿನಗ ಕನಸು ಬೀಳೂದಿಲ್ಲ ಅಂದರ ನಾ ನಂಬೂದಿಲ್ಲ. ಏನು ಕನಸು ಬೀಳತೈತಿ ಹೇಳು. ಕೇಳಿದವರು ಏನು ಮಾಡಬೇಕು ಅನ್ನೂದು ಗೊತ್ತಿದ್ದ ಕೇಳಾಕತ್ತೇನಿ. ಪ್ರಿಯಾನ ಕಡೆ ಅನ್ನ ಸಾರು ಕಲತೇನಿ. ರೊಟ್ಟಿ ಇನ್ನೂ ನಕಾಶಿ ಹಾಂಗ ಆಗತಾವು, ರಾಜ್ಯ ಯಾವುದು ಅಂತ ನೀ ಗುರ್ತ ಹಿಡಿಬೇಕು.

ನಿನ್ನ ಸಂಗು


ಇಂಡಿ
5 ನವೆಂಬರ್ 2024

ಸಂಗೂ, ನನ್ನ ಕೂಸ,

ಸಾಲಿ ಬಿಟ್ಟಿತೇನು ಅಂದದ್ದು ನನಗ ನೆನಪಿಲ್ಲ. ಹುಡುಕಿದೆ, ಸಿಗಲಿಲ್ಲ. ಇಷ್ಟು ದಿನ ನೀ ಒಬ್ಬನ ಇದನ್ನ ಹೊತಗೊಂಡು ತಿರಗೀಯಲ್ಲೋ! ನನಗ ಹೇಳಬಾರದೇನು?

ಕನಸು ಬೀಳತೈತಿ. ಬಂದಾಗಿಂದ ಒಂದ ಕನಸು. ದೇವಣಗಾಂವದಾಗ ನಾ ಕಲಸತಿದ್ದ ಸಾಲಿ ಹಿಂದಿನ ನಮ್ಮ ಹಳೇ ಮನಿ. ಹೊಳಿ ನೀರು ಅಂಗಳದ ತನಕ ಬಂದು ಸಪ್ಪಳಿಲ್ಲದ ನಿಂತೈತಿ, ನೀರಿನ ಬೆಳಕು ಜಂತಿ ಮ್ಯಾಲ ಆಡಾಕತ್ತೈತಿ. ಒಲಿ ಮುಂದ ನಾ ರೊಟ್ಟಿ ಬಡಿಯಾಕತ್ತೇನಿ. ಪುಂಡಿ ಪಲ್ಲೆ ಕುದಿಯಾಕತ್ತೈತಿ, ಆ ಹುಳಿ ವಾಸನಿ ಮನಿ ತುಂಬೇತಿ. ನೀ ಎದುರಿಗೆ ಕುಂತು ಉಣ್ಣಾಕತ್ತೀ. ಮೀಸಿ ಬೆಳ್ಳಗ ಆಗ್ಯಾವು, ಹೆಗಲಿಗೆ ಮಾತ್ರ ಸಾಲಿ ಪಾಟಿಚೀಲ. ‘ಇನ್ನೊಂದು ಹಾಕವ್ವಾ’ ಅಂತೀ. ನಾ ಹಾಕತೇನಿ. ಅಷ್ಟ. ಆ ಕನಸಿನ್ಯಾಗ ನಾ ಒಂದು ತುತ್ತೂ ಉಣ್ಣೂದಿಲ್ಲ, ಆದರೂ ಎದ್ದಾಗ ಹೊಟ್ಟಿ ತುಂಬಿರತೈತಿ.

ಇದನ್ನ ಕಾಗದದ ಮ್ಯಾಲ ಮೊದಲು ನಿನಗ ಬರದು ಆಮ್ಯಾಲ ಇವರಿಗೆ ಹೇಳಿದೆ. ದೊಡ್ಡ ಪಂಚಾಯ್ತಿ ಕೂಡಿತು. ಕಂಡಾಕಿ ಉಂಡಿಲ್ಲ, ಉಂಡಾಂವ ಕಂಡಿಲ್ಲ, ಹಂಗಾದರ ಯಾರು ಯಾರಿಗೆ ಮಾಡಿ ಹಾಕಬೇಕು? ಮಾಳಿಂಗಜ್ಜ ಉಳಿದೊಂದು ಕಿವಿ ಹತ್ತೀನೂ ತಗದು ವಾದಕ್ಕ ನಿಂತ. ಕಡೀಕ ಪೀರಬಿ ತೀರ್ಪು ಕೊಟ್ಟಳು: ‘ಕೇಳಿದಾಂವ ಬಂದು ಉಣ್ಣಲಿ. ಕಂಡಾಕಿ ಒಲಿ ಹಚ್ಚಲಿ. ನಾ ಬಾಜೂಕ ಕುಂತು ಉರಿ ನೋಡತೇನಿ.’

ನೀ ಕಲತ ಅನ್ನ ಸಾರು ಪ್ರಿಯಾಗ ಮಾಡಿ ಹಾಕು, ಪಾಪ. ನೀ ಇಲ್ಲಿ ಏನೂ ಮಾಡೂದು ಬ್ಯಾಡ. ನಾ ಒಲಿ ಹಚ್ಚತೇನಿ, ನೀ ಬ್ಯಾಡ ಅನಬ್ಯಾಡ. ಕಾರು ತರಬ್ಯಾಡ, ಬಸ್ಸಿಗೆ ಬಾ. ಹಸಗೊಂಡು ಬಾ.

ನಿನ್ನ ಅವ್ವ


ಇಂಡಿ
25 ನವೆಂಬರ್ 2024

ಸಂಗೂ,

ನೀ ನಿನ್ನೆ ಸಂಜಿ ಬಸ್ಸಿಗೆ ಹೋದಿ. ಮುಟ್ಟಿದಿ ಅಂತ ಪ್ರಿಯಾ ಫೋನಿನ್ಯಾಗ ಹೇಳಿದಳು. ನಾ ಇವತ್ತ ಬರಿಯಾಕ ಕುಂತೇನಿ, ನಾಳಿಗೆ ಬಿಟ್ಟರ ಮರತೀತು.

ನೀ ಬಾಗಲದಾಗ ಚಪ್ಪಲಿ ಬಿಟ್ಟು ಒಳಗ ಬಂದದ್ದು, ಮಾಳಿಂಗಜ್ಜ ‘ಇವನೇನ್ರಿ ಅಕ್ಕೋರ, ಕನಸಿನ್ಯಾಗಿನ ಹುಡುಗ? ಭಾಳ ದಪ್ಪ ಆಗ್ಯಾನಲ್ರಿ’ ಅಂದದ್ದು, ನೀ ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತದ್ದು, ಎಲ್ಲಾ ನೆನಪೈತಿ. ಒಲಿ ಹತ್ತಿದಾಗ ನಿನ್ನ ಕೈ ಮ್ಯಾಲೆದ್ದಿತ್ತು, ನೀನ ತಿರುಗಿ ತೊಡಿ ಮ್ಯಾಲ ಇಟಗೊಂಡಿ. ಅದನ್ನೂ ನೋಡೇನಿ. ಪುಂಡಿ ಪಲ್ಲೆ ಮತ್ತ ಮತ್ತ ಹಾಕಿಸಿಕೊಂಡಿ. ತಾಟು ಬಳದು ನೆಕ್ಕಿದಿ. ಹೋಗುವಾಗ ‘ಮನಿಗೆ ಬಾ’ ಅಂತ ಒಂದು ಸಲಾನೂ ಅನಲಿಲ್ಲ. ಬಸ್ಸಿನ ಕಿಡಕಿಯಾಗಿಂದ, ಆಲಮಟ್ಟಿ ಮನ್ಯಾಗ ಉಳದಿದ್ದ ನನ್ನ ಸೀರಿ ತುಂಬಿದ ಚೀಲ ಇಳಿಸಿ ಕೊಟ್ಟಿ. ತಂದಿದ್ದನ್ನ ಅಲ್ಲೀ ತನಕ ಹೇಳಿರಲಿಲ್ಲ.

ನೀ ಹೋದ ಮ್ಯಾಲ ನಾನೂ ಪೀರಬಿನೂ ಉಣ್ಣಾಕ ಕುಂತಿವಿ. ಪೀರಬಿ ಮೊದಲನೇ ತುತ್ತು ಬಾಯಾಗ ಇಟ್ಟಾಕಿನ ನನ್ನ ಮಾರಿ ನೋಡಿದಳು. ನಾನೂ ಬಾಯಾಗ ಇಟ್ಟೆ. ನುಂಗಾಕ ಆಗಲಿಲ್ಲ, ಸಂಗೂ. ಪಲ್ಲೆಕ್ಕ ಎರಡೆರಡು ಸಲ ಉಪ್ಪು ಬಿದ್ದೈತಿ, ಇಲ್ಲಾ ಅದಕ್ಕಿಂತ ಹೆಚ್ಚ ಬಿದ್ದೈತಿ. ಉರಿ ನೋಡತೇನಿ ಅಂದ ಪೀರಬಿ ಉರೀನ ನೋಡಿದಳು, ಉಪ್ಪು ನೋಡಲಿಲ್ಲ. ‘ಅಕ್ಕೋರ, ನಿಮ್ಮ ಮಗ ಇದನ್ನ ಉಂಡನೇನ್ರಿ?’ ಅಂತ ಕೇಳಿದಳು. ಸೆರಗು ಬಾಯಿಗೆ ಹಿಡಕೊಂಡು ಅತ್ತೆ. ಆಕಿನೂ ಅತ್ತಳು. ಮಾಳಿಂಗಜ್ಜ ಏನಾತು ಅಂತ ಗಾಬರ್ಯಾಗಿ ಬಂದು, ಒಂದು ತುತ್ತು ತಿಂದು, ತಿಳಕೊಂಡು ಹೊರಗ ಹೋದ.

ನನಗ ಮರವು ಐತಿ. ನೀ ಹೇಳಿದ್ದು ಖರೇ. ವಿಜಯಪುರಕ್ಕ ಡಾಕ್ಟರ ಕಡೆ ಕರಕೊಂಡು ಹೋಗು, ಬರತೇನಿ, ಹಟಾ ಮಾಡೂದಿಲ್ಲ. ತೋರಿಸಿಕೊಂಡು ತಿರುಗಿ ಇಲ್ಲಿಗೇ ಬಿಡು. ಇಲ್ಲಿ ನನ್ನ ಸುತ್ತ ಕಣ್ಣು ಅದಾವು, ಕೈ ಅದಾವು, ಮರತರ ನಕ್ಕು ನೆನಪು ಮಾಡೋ ಬಾಯಿ ಅದಾವು. ಒಬ್ಬಾಕಿನ ಒಲಿ ಹಚ್ಚೂದಿಲ್ಲ, ನಿನ್ನಾಣಿ. ಇತಿಹಾಸಾನೂ ಪೀರಬಿ ಹೇಳಿದಂಗ ಬರದು ಕೊಟ್ಟೇನಿ. ಟ್ರಸ್ಟಿನವರು ಛಾಪಿಸಲಿ, ಬಿಡಲಿ. ಹಂಪವ್ವನ ಹೆಸರು ನಾ ಮರಿಯೂದ್ರಾಗ ಬರದಿಟ್ಟೆ, ಅಷ್ಟ ಸಾಕು.

ಅಮಾಸಿಗೆ ಪ್ರಿಯಾನ್ನೂ ಕರಕೊಂಡು ಬಾ. ರೊಟ್ಟಿ ನಾನ ಬಡಿತೇನಿ. ಉಪ್ಪು ನೀ ಹಾಕು.

ನಿನ್ನ ಅವ್ವ,
ಕಾಶಿಬಾಯಿ